41ನೇ ದಿನ ಬಿದ್ದೆ, ಸ್ಪಾನ್ಸರ್‌ಗೆ ಒಂಬತ್ತು ದಿನದಿಂದ ಸುಳ್ಳು ಹೇಳ್ತಿದೀನಿ, ಏನ್ ಮಾಡ್ಲಿ

ಅರ್ಧರಾತ್ರಿ_ಫ್ರಿಜ್

ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರೋರು ಓದಿ.

ನಾನು ಓವರ್‌ಈಟರ್ಸ್ ಅನಾನಿಮಸ್, ಅಂದ್ರೆ ಓಎ (ಕೈಮೀರಿ ತಿನ್ನೋರು ಒಬ್ರಿಗೊಬ್ರು ಸಹಾಯ ಮಾಡ್ಕೊಳ್ಳೋ ಗುಂಪು) ಮೀಟಿಂಗಿಗೆ ಹೋಗೋಕೆ ಶುರು ಮಾಡಿ ಮೂರು ತಿಂಗಳಾಯ್ತು. ಎಲ್ಲಾ ಆನ್‌ಲೈನೇ, ಕ್ಯಾಮೆರಾ ಆಫ್ ಮಾಡ್ಕೊಂಡು ಕೂರ್ತೀನಿ. ಮೊದಲ ತಿಂಗಳು ಬಾಯೇ ಬಿಡ್ಲಿಲ್ಲ, ಬರೀ ಕೇಳಿಸ್ಕೊಂಡೆ. ಆಮೇಲೆ ಒಬ್ರು ಸ್ಪಾನ್ಸರ್, ಅಂದ್ರೆ ಜೊತೆಗಿದ್ದು ದಾರಿ ತೋರಿಸೋ ಗುಂಪಿನ ಸದಸ್ಯರು, ಸಿಕ್ಕಿದ್ರು. ದಿನಾ ಬೆಳಿಗ್ಗೆ ಅವತ್ತು ಏನೇನು ತಿಂತೀನಿ ಅಂತ ಅವರಿಗೆ ಮೆಸೇಜ್ ಹಾಕೋದು, ರಾತ್ರಿ ಹೇಗೆ ಹೋಯ್ತು ಅಂತ ಬರೆಯೋದು, ಇಷ್ಟೇ ಕೆಲ್ಸ. ಇಷ್ಟರಲ್ಲೇ 40 ದಿನ ಒಂದೂ ಬಿಂಜ್ (ಕೈಮೀರಿ ಒಂದೇ ಸಮ ತಿನ್ನೋದು) ಇಲ್ದೆ ಕಳೀತು. ಹದಿನೈದನೇ ವಯಸ್ಸಿಂದ ಈಚೆಗೆ ನಂಗೆ ನಾಲ್ಕೈದು ದಿನಕ್ಕಿಂತ ಜಾಸ್ತಿ ಆಗಿದ್ದೇ ಇಲ್ಲ, ಹಾಗಾಗಿ ಈ 40 ಅನ್ನೋದು ನಂಗೆ ಎಷ್ಟು ದೊಡ್ಡದು ಅಂತ ಇಲ್ಲಿರೋರಿಗೆ ಹೇಳ್ಬೇಕಿಲ್ಲ.

41ನೇ ದಿನ ಬಿದ್ದೆ. ಕಾರಣ ಕೇಳಿದ್ರೆ ನಗ್ತೀರಾ. ಆಫೀಸಲ್ಲಿ ಒಬ್ರು "ಸಣ್ಣ ಆಗಿದೀಯಲ್ಲ, ಚೆನ್ನಾಗಿ ಕಾಣ್ತಿದೀಯ" ಅಂದ್ರು. ಬೈದಿದ್ದಕ್ಕಲ್ಲ, ಹೊಗಳಿದ್ದಕ್ಕೆ ಬಿದ್ದೆ. ದಿನವಿಡೀ ಅದೇ ತಲೇಲಿ, ಹಾಗಾದ್ರೆ ಮೊದ್ಲು ಹೇಗೆ ಕಾಣ್ತಿದ್ದೆ, ಎಲ್ರೂ ನೋಡ್ತಾನೇ ಇದ್ರಾ, ಇನ್ನು ಮತ್ತೆ ದಪ್ಪ ಆದ್ರೆ ಅದನ್ನೂ ನೋಡ್ತಾರಲ್ವಾ ಅಂತ. ಮನೆಗೆ ಬಂದವಳು ಬ್ಯಾಗ್ ಕೂಡ ಕೆಳಗಿಡ್ಲಿಲ್ಲ, ಫ್ರಿಜ್ ಬಾಗಿಲು ತೆಗೆದವಳೇ ನಿಂತಲ್ಲೇ ತಿಂದೆ, ತಣ್ಣಗಿರೋದನ್ನ ಬಿಸಿ ಮಾಡೋಷ್ಟೂ ಪುರುಸೊತ್ತಿಲ್ಲ, ರುಚಿ ಏನು ಅಂತ ಈಗ ಕೇಳಿದ್ರೆ ನೆನಪಿಲ್ಲ. ಆಮೇಲೆ ಖಾಲಿ ಕವರುಗಳನ್ನ ಪೇಪರಲ್ಲಿ ಸುತ್ತಿ ಕಸದ ಬುಟ್ಟಿ ತಳಕ್ಕೆ ತಳ್ಳಿದೆ. ಆ ಕೆಲ್ಸ ಮಾತ್ರ ಕೈಗೆ ಮರೆತೇ ಇರ್ಲಿಲ್ಲ ನೋಡಿ.

ಅವತ್ತು ರಾತ್ರಿ ಸ್ಪಾನ್ಸರ್‌ಗೆ "ಓಕೆ" ಅಂತ ಹಾಕಿದೆ. ಮಾರನೇ ದಿನಾನೂ ಓಕೆ. ಮಧ್ಯ ಇನ್ನೂ ನಾಲ್ಕು ಸಲ ಆಗಿದೆ, ನಾಲ್ಕೂ ಸಲ ಓಕೆ. ಇವತ್ತು ಬೆಳಿಗ್ಗೆ ಅವರು "50 ದಿನ! ತುಂಬಾ ಖುಷಿ ಆಗ್ತಿದೆ" ಅಂತ ಮೆಸೇಜ್ ಹಾಕಿದಾರೆ, ನೋಡಿ ಹೊಟ್ಟೆ ತೊಳಸ್ತು.

ಈ ಗುಂಪು ಬಿಟ್ಟು ಬೇರೆ ಮೀಟಿಂಗಿಗೆ ಹೋಗಿ ಬೇರೆ ಸ್ಪಾನ್ಸರ್ ಹಿಡಿದು ಸದ್ದಿಲ್ದೆ ಒಂದನೇ ದಿನದಿಂದ ಶುರು ಮಾಡಿದ್ರೆ ಆಗಲ್ವಾ? ಅದೇ ಸುಲಭ ಅನ್ಸ್ತಿದೆ. ಇನ್ನೊಂದು, ಮೀಟಿಂಗಲ್ಲಿ ಬರೋ ಈ ದೇವರು ಗೀವರು ವಿಷಯ ನಂಗೆ ಆಗಿ ಬರಲ್ಲ, ಇಲ್ಲೀವರೆಗೆ ಕೇಳಿಸ್ಕೊಂಡು ಸುಮ್ನಿದ್ದೆ, ಅದಕ್ಕೇ ಬಿದ್ನೋ ಏನೋ. ಮನೇಲಿ ಅಣ್ಣನಿಗೆ ಒಂದ್ಸಲ ಹೇಳಿದ್ದಕ್ಕೆ "ಇದು ನಾಲಿಗೆ ಚಪಲ, ಇದಕ್ಕೂ ಒಂದು ಸಂಘಾನಾ" ಅಂದ. ಹಾಗಾಗಿ ಮನೇಲಿ ಕೇಳೋ ಹಾಗಿಲ್ಲ.

ಗುಂಡಪ್ಪ2ಪಾಯಿಂಟ್0

ಕಡಿಮೆ ತಿನ್ರಿ, ವಾಕಿಂಗ್ ಹೋಗ್ರಿ. ಇದಕ್ಕೆಲ್ಲ ಮೀಟಿಂಗ್ ಬೇಕಾ.

ಹಳೇಚಪ್ಪಲಿ

ಗುಂಡಪ್ಪನವರೇ, ಆ ಸಲಹೆ ನಮಗೆಲ್ಲ ಯಾರೋ ಒಬ್ರು ಆಗ್ಲೇ ಕೊಟ್ಟಿದಾರೆ, ಒಬ್ಬೊಬ್ಬರಿಗೂ ಸುಮಾರು ಸಾವಿರ ಸಲ. ಥ್ಯಾಂಕ್ಸ್.

ಫ್ರಿಜ್ ಅವ್ರೇ, ನಾನು ಓಎಗೆ ಬಂದು ಹನ್ನೊಂದು ವರ್ಷ. ಅದರಲ್ಲಿ ಮೊದಲ ಎರಡು ವರ್ಷ ಪೂರ್ತಿ ಸುಳ್ಳು ಹೇಳಿದೀನಿ, ನಿಮ್ಮ ಒಂಬತ್ತು ದಿನ ನಂಗೆ ಲೆಕ್ಕಕ್ಕೇ ಇಲ್ಲ. ನೀವು ಕೇಳಿದ ಆ "ಬೇರೆ ಗುಂಪಿಗೆ ಹೋಗಿ ಸದ್ದಿಲ್ದೆ ಶುರು ಮಾಡೋದು" ಇದೆಯಲ್ಲ, ಅದನ್ನ ನಾನು ಮೂರು ಸಲ ಮಾಡಿದೀನಿ. ಪ್ರತೀ ಸಲ ಹೊಸ ಗುಂಪಲ್ಲಿ ಒಳ್ಳೇವನಾಗಿ ಕಾಣಿಸ್ಕೊಳ್ಳೋದು, ಬಿದ್ದ ದಿನ ಅಲ್ಲಿಂದ ಮಾಯ. ಮೂರನೇ ಸಲ ಒಂದು ಹೊಳೀತು, ನಾನು ಊಟದ ವಿಷಯದಲ್ಲಿ ಏನು ಮಾಡ್ತೀನೋ ಗುಂಪಿನ ವಿಷಯದಲ್ಲೂ ಅದನ್ನೇ ಮಾಡ್ತಿದೀನಿ, ಸೋಮವಾರದಿಂದ ಹೊಸದಾಗಿ ಶುರು ಅಂತ. ಕವರ್ ಸುತ್ತಿ ಕಸದ ಬುಟ್ಟಿ ತಳಕ್ಕೆ ಹಾಕೋದು ಅಂದ್ರಲ್ಲ, ಗುಂಪು ಬದಲಾಯಿಸೋದೂ ಅದೇ ಕೆಲ್ಸ, ಕವರ್ ಸ್ವಲ್ಪ ದೊಡ್ಡದು ಅಷ್ಟೇ.

ಈ ಗುಂಪು ಹುಟ್ಟಿದ್ದೇ ಇಂಥದ್ದರಿಂದ. ರೋಝಾನ್ ಎಸ್. ಅನ್ನೋ ಹೆಂಗಸು 1958ರಲ್ಲಿ ಒಬ್ಬ ಸ್ನೇಹಿತರ ಜೊತೆ ಗ್ಯಾಂಬ್ಲರ್ಸ್ ಅನಾನಿಮಸ್ ಮೀಟಿಂಗಿಗೆ ಹೋಗಿದ್ರು, ಜೂಜಿನವರ ಮೀಟಿಂಗು, ಅವರಿಗೂ ಜೂಜಿಗೂ ಸಂಬಂಧ ಇಲ್ಲ. ಅಲ್ಲಿ ಜೂಜುಕೋರರು ತಮ್ಮ ಕಥೆ ಹೇಳ್ತಿದ್ರೆ ಇವರಿಗೆ ಅದು ತಮ್ಮದೇ ಕಥೆ ಅನ್ನಿಸ್ತು, ದುಡ್ಡಿನ ಜಾಗದಲ್ಲಿ ಊಟ ಇಟ್ಟುಕೊಂಡ್ರೆ ಆಯ್ತು. 1960ರ ಜನವರೀಲಿ ಲಾಸ್ ಏಂಜಲೀಸಲ್ಲಿ ಇನ್ನಿಬ್ಬರು ಹೆಂಗಸರನ್ನ ಕೂರಿಸ್ಕೊಂಡು ಓಎ ಶುರು ಮಾಡಿದ್ರು. ನಮ್ಮಲ್ಲಿ ಸುಳ್ಳು ಹೇಳದೇ ಇರೋ ಒಬ್ರನ್ನ ಹುಡುಕಿ ತಂದ್ರೆ ಅವರೇ ತಪ್ಪು ಮೀಟಿಂಗಿಗೆ ಬಂದಿರ್ತಾರೆ.

ಓಎಲಿ ಹೇಳೋ ಅಬ್ಸ್ಟಿನೆನ್ಸ್, ಅಂದ್ರೆ ಬಿಟ್ಟಿರೋದು, ಅನ್ನೋ ಪದ ಕೇಳಿದ ತಕ್ಷಣ ಎಲ್ರೂ ಡಯಟ್ ಅನ್ಕೋತಾರೆ. ಕುಡಿಯೋರಿಗೆ ಒಂದು ಅನುಕೂಲ ಇದೆ, ಬಾಟಲಿ ಪೂರ್ತಿ ಬಿಟ್ಟುಬಿಡಬಹುದು. ನಮಗೆ ದಿನಕ್ಕೆ ಮೂರು ಸಲ ಆ ಹುಲಿಯ ಬೋನಿನ ಬಾಗಿಲು ತೆಗೀಲೇಬೇಕು. ಅದಕ್ಕೇ ಇಲ್ಲಿ ಬಿಡೋದು ಊಟ ಅಲ್ಲ, ಕಂಪಲ್ಸಿವ್ ಆಗಿ, ಅಂದ್ರೆ ಬೇಡ ಅಂದ್ರೂ ತಡೆಯೋಕಾಗದೆ ತಿನ್ನೋದನ್ನ, ಅದರ ಸುತ್ತ ಇರೋ ಚಾಳಿಗಳನ್ನ. ಕದ್ದು ತಿನ್ನೋದು, ಬಚ್ಚಿಡೋದು, ನಿಂತು ನುಂಗೋದು. ಸುಳ್ಳು ಹೇಳೋದೂ ಆ ಪಟ್ಟೀಲಿ ಇದೆ ಅಂತ ನನ್ನ ಸ್ಪಾನ್ಸರ್ ಹೇಳ್ತಿದ್ರು.

ಲೆಕ್ಕತಪ್ಪಿದೋಳು

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಹಳೇಚಪ್ಪಲಿ ಅವ್ರು ಬೇಜಾರು ಮಾಡ್ಕೋಬಾರ್ದು.

ನಾನೂ ಓಎಗೆ ಒಂದೂವರೆ ವರ್ಷ ಹೋಗಿದ್ದೆ, ಈಗ ಹೋಗಲ್ಲ, ಆದ್ರೆ ಅಲ್ಲಿ ಸಿಕ್ಕ ಇಬ್ಬರ ಜೊತೆ ಇವತ್ತಿಗೂ ಫೋನಲ್ಲಿ ಮಾತಾಡ್ತೀನಿ. ನಂಗೆ ಕೆಲ್ಸ ಮಾಡಿದ್ದು ಥೆರಪಿ, ಸಿಬಿಟಿ ಅಂತಾರಲ್ಲ ಅದು, ಯೋಚನೆ ಮತ್ತೆ ಅಭ್ಯಾಸ ಬದಲಾಯಿಸೋ ಮಾತಿನ ಚಿಕಿತ್ಸೆ. ಮೊದಲು ನಿಮ್ಮಣ್ಣನಿಗೆ ಉತ್ತರ: ಬಿಂಜ್ ಈಟಿಂಗ್ ಡಿಸಾರ್ಡರ್ ಅನ್ನೋದನ್ನ 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ, ಅಂದ್ರೆ ಅಮೆರಿಕದ ಮನೋವೈದ್ಯರು ರೋಗ ಗುರುತಿಸೋಕೆ ಇಟ್ಕೊಳ್ಳೋ ಕೈಪಿಡೀಲಿ, ಪ್ರತ್ಯೇಕ ಕಾಯಿಲೆ ಅಂತ ಸೇರಿಸಿದಾರೆ. ವಾರಕ್ಕೆ ಸರಾಸರಿ ಒಂದು ಸಲ, ಮೂರು ತಿಂಗಳು, ಕೈಮೀರಿ ತಿಂದು ಆಮೇಲೆ ಅಸಹ್ಯ ಪಟ್ಕೊಳ್ಳೋದು, ನಾಚಿಕೆಗೆ ಒಬ್ರೇ ತಿನ್ನೋದು, ಹಸಿವಿಲ್ದೆ ತಿನ್ನೋದು, ಇದೆಲ್ಲ ಅಲ್ಲಿ ಬರೆದಿದೆ. ನಾಲಿಗೆ ಚಪಲ ಅಂತ ಎಲ್ಲೂ ಬರೆದಿಲ್ಲ. ನೀವೇ ಹೇಳಿದ್ರಲ್ಲ ರುಚಿ ನೆನಪಿಲ್ಲ ಅಂತ, ನಾಲಿಗೆಗೆ ಅಲ್ಲೇನೂ ಕೆಲ್ಸಾನೇ ಇರ್ಲಿಲ್ಲ.

ಈಗ ನನ್ನ ತಕರಾರು. ಈ ದಿನ ಎಣಿಸೋದು ಇದೆಯಲ್ಲ, 40, 41, 50, ಅದು ಕೆಲವರಿಗೆ ಊರುಗೋಲು, ನನ್ನಂಥವರಿಗೆ ದೊಣ್ಣೆ. ಒಂದು ಸಲ ಬಿದ್ರೆ ಎಣಿಕೆ ಸೊನ್ನೆಗೆ ಬರುತ್ತೆ, ಸೊನ್ನೆಗೆ ಬಂದ ಮೇಲೆ ಇನ್ನೇನು ಉಳೀತು ಅಂತ ಮಿಕ್ಕಿದ್ದೂ ತಿಂದು ಮುಗಿಸೋದು. ನಿಮಗೆ 41ನೇ ದಿನದ ಒಂದು ಬಿಂಜ್‌ಗಿಂತ ಆಮೇಲಿನ ನಾಲ್ಕು ಜಾಸ್ತಿ ಹಾಳು ಮಾಡಿದೆ, ಆ ನಾಲ್ಕಕ್ಕೆ ಕಾರಣ ಆ ಸೊನ್ನೆ ಅಂತ ನಂಗನ್ಸುತ್ತೆ. 40 ದಿನ ಅಳಿಸಿ ಹೋಗಿಲ್ಲ. 50ರಲ್ಲಿ ಐದು ದಿನ ಕೆಟ್ಟಿದೆ, 45 ದಿನ ನೆಟ್ಟಗಿದೆ. ಹದಿನೈದು ವಯಸ್ಸಿಂದ ಇಂಥಾ 50 ದಿನ ಬಂದಿದ್ಯಾ?

ಇನ್ನೊಂದು ನಿಜವಾಗ್ಲೂ ಕೇಳ್ಬೇಕು. ಆ ಬೆಳಗಿನ ಪ್ಲಾನಲ್ಲಿ ಹೊಟ್ಟೆ ತುಂಬೋಷ್ಟು ಊಟ ಇತ್ತಾ? ಅಥವಾ ಸಣ್ಣ ಆಗೋ ಆಸೆಗೆ ದಿನಾ ಒಂಚೂರು ಒಂಚೂರು ಕಮ್ಮಿ ಮಾಡ್ತಾ ಹೋದ್ರಾ? ಯಾಕಂದ್ರೆ 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ರು. ಅವರ್ಯಾರಿಗೂ ಮೊದಲು ಊಟದ ಹುಚ್ಚು ಇರ್ಲಿಲ್ಲ. ಕೊನೇಲಿ ಹಗಲು ರಾತ್ರಿ ಊಟದ್ದೇ ಮಾತು, ಅಡುಗೆ ಪುಸ್ತಕ ಕೂಡಿಡೋದು, ಮತ್ತೆ ಊಟ ಕೊಡೋಕೆ ಶುರು ಮಾಡಿದ ಮೇಲೆ ಕೆಲವರು ಎಷ್ಟು ತಿಂದ್ರೂ ಸಾಕು ಅನ್ನಿಸ್ತಾ ಇರ್ಲಿಲ್ಲ. ದೇಹ ಸೇಡು ತೀರಿಸ್ಕೊಳ್ಳುತ್ತೆ. ಆಗ ಅದನ್ನ ನಾವು ನಮ್ಮ ಮನಸ್ಸಿನ ದೌರ್ಬಲ್ಯ ಅಂತ ಹೆಸರಿಟ್ಟು ಅಳ್ತಾ ಕೂರ್ತೀವಿ.

ತಿಂದಿದ್ದನ್ನ ವಾಂತಿ ಮಾಡೋದು, ಮಾತ್ರೆ ತಗೊಂಡು ಹೊರಗೆ ಹಾಕೋದು ಏನಾದ್ರೂ ಇದ್ರೆ ಡಾಕ್ಟರ್ ಹತ್ರ ಮೊದಲು ಹೋಗಿ, ಮೀಟಿಂಗ್ ಆಮೇಲೆ. ಸ್ಪಾನ್ಸರ್ ಎಷ್ಟೇ ಒಳ್ಳೆಯವರಾದ್ರೂ ಡಾಕ್ಟರ್ ಅಲ್ಲ.

ಹಳೇಚಪ್ಪಲಿ

ಬೇಜಾರೇನಿಲ್ಲ, ಅರ್ಧ ಒಪ್ತೀನಿ. ಆದ್ರೆ ಓಎ ಯಾವ ಡಯಟ್ಟನ್ನೂ ಕೊಡಲ್ಲ, ಅದೊಂದು ಕ್ಲಿಯರ್ ಆಗ್ಲಿ. ಪ್ಲಾನ್ ಆಫ್ ಈಟಿಂಗ್ ಅನ್ನೋದು ಅವರವರದ್ದು, ಬೇಕಿದ್ರೆ ಡಯಟೀಶಿಯನ್ ಹತ್ರ ಕೂತು ಮಾಡ್ಕೊಳ್ಳಿ ಅಂತಾನೇ ಹೇಳ್ತಾರೆ. ತೂಕ ಹಾಕಿ ಅಳೆದು ತಿನ್ನೋದು, ಸಕ್ಕರೆ ಮೈದಾ ಪೂರ್ತಿ ಬಂದ್, ಇಂಥಾ ಕಟ್ಟುನಿಟ್ಟು ಇರೋ ಬೇರೆ ಗುಂಪುಗಳೂ ಇದಾವೆ, ಕೆಲವರಿಗೆ ಅದೇ ಒಗ್ಗುತ್ತೆ, ಅದನ್ನ ಇದಕ್ಕೆ ಬೆರೆಸಿ ಜನ ಹೆದರ್ಕೋತಾರೆ. ನನ್ನ ಪ್ಲಾನ್ ಕೇಳಿದ್ರೆ ನಿಮಗೆ ನಗು ಬರುತ್ತೆ: ಮೂರು ಊಟ, ಮಧ್ಯ ಒಂದು ಸಣ್ಣದು, ಕೂತ್ಕೊಂಡು ತಿನ್ನೋದು, ತಟ್ಟೇಲಿ ಹಾಕ್ಕೊಂಡು ತಿನ್ನೋದು. ಹನ್ನೊಂದು ವರ್ಷದಲ್ಲಿ ಅದರಲ್ಲಿ ಅತೀ ಕಷ್ಟದ್ದು "ಕೂತ್ಕೊಂಡು".

ದಿನ ಎಣಿಸೋದು ಬೇಡ ಅನ್ನೋರು ನಮ್ಮ ಗುಂಪಲ್ಲೂ ಇದಾರೆ. ಎಣಿಸ್ಲೇಬೇಕು ಅಂತ ರೂಲ್ ಇಲ್ಲ. ಸೇರೋಕೆ ಇರೋದು ಒಂದೇ ಷರತ್ತು, ಕಂಪಲ್ಸಿವ್ ಆಗಿ ತಿನ್ನೋದನ್ನ ನಿಲ್ಲಿಸ್ಬೇಕು ಅನ್ನೋ ಆಸೆ. ನಿಲ್ಲಿಸಿರ್ಬೇಕು ಅಂತ ಅಲ್ಲ, ಆಸೆ.

ದೇವರಿಲ್ಲದ_ದೇವರಾಜ

ದೇವರ ಪ್ರಶ್ನೆ ಬಂತಲ್ಲ, ಅದು ನನ್ನ ಡಿಪಾರ್ಟ್‌ಮೆಂಟು (ದೇವರಾಜ ನನ್ನ ಹೆಸರಲ್ಲ, ತಮಾಷೆಗೆ ಇಟ್ಕೊಂಡಿದ್ದು).

ಓಎಲಿ ಪಾಲಿಸೋ ಹನ್ನೆರಡು ಹೆಜ್ಜೆಗಳು (ಚಟದಿಂದ ಹೊರಗೆ ಬರೋ ಹಂತಗಳು) ಹುಟ್ಟಿದ್ದು ಕುಡಿತ ಬಿಡಿಸೋ ಎಎ, ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಲ್ಲಿ, 1939ರಲ್ಲಿ ಅವರ ಪುಸ್ತಕದಲ್ಲಿ ಅಚ್ಚಾಯ್ತು, ಆ ಕಾಲದ ಅಮೆರಿಕದ ಧರ್ಮದ ವಾಸನೆ ಅದರ ಮಾತಲ್ಲಿ ಇರೋದು ನಿಜ, ಮುಚ್ಚಿಡೋದೇನಿದೆ. ಓಎ ಅದನ್ನೇ ತಗೊಂಡು ಕುಡಿತ ಇದ್ದಲ್ಲಿ ಊಟ ಹಾಕಿದೆ. ಮೊದಲನೇ ಸಲ ಓದಿದಾಗ ನಾನು ಎದ್ದು ಹೊರಟಿದ್ದೆ, ಬಾಗಿಲ ಹತ್ರ ಒಬ್ರು ಅಜ್ಜಿ, ಎಪ್ಪತ್ತು ದಾಟಿರ್ಬೇಕು, "ನಿಂಗಿಂತ ದೊಡ್ಡದು ಒಂದು ಇದೆ ಅಂತ ನಂಬೋಕಾಗುತ್ತಾ?" ಅಂದ್ರು. ಇಲ್ಲ ಅಂದೆ. "ಫ್ರಿಜ್ ನಿಂಗಿಂತ ಗಟ್ಟಿ ಅಲ್ವಾ?" ಅಂದ್ರು. ಹೌದು ಅಂದೆ. "ಹಂಗಾದ್ರೆ ಅಭ್ಯಾಸ ಆಗ್ಲೇ ಇದೆ, ಇನ್ನೊಂದು ಹುಡುಕ್ಕೋ" ಅಂದ್ರು.

ನಂಗೆ ಆ ಇನ್ನೊಂದು ಅಂದ್ರೆ ಆ ರೂಮಲ್ಲಿ ಕೂತಿರೋ ಹದಿನಾಲ್ಕು ಜನ. ನಾನೊಬ್ನೇ ಇದ್ದಾಗ ಆಗದೇ ಇರೋದು ಅವರ ಮಧ್ಯೆ ಆಗ್ತಿದೆ, ಅಷ್ಟು ನಂಬೋಕೆ ನಂಗೆ ದೇವರು ಬೇಕಾಗಿಲ್ಲ, ಕಣ್ಣಿಗೇ ಕಾಣುತ್ತೆ. ಮೀಟಿಂಗ್ ಕೊನೇಲಿ ಪ್ರಾರ್ಥನೆ ಹೇಳ್ತಾರಲ್ಲ, ಬದಲಾಯಿಸೋಕೆ ಆಗದ್ದನ್ನ ಒಪ್ಕೊಳ್ಳೋ ಶಾಂತಿ, ಆಗೋದನ್ನ ಬದಲಾಯಿಸೋ ಧೈರ್ಯ, ಅದು, ಅದರಲ್ಲಿ "ದೇವರೇ" ಅನ್ನೋ ಮೊದಲನೇ ಪದ ನುಂಗ್ಕೊಂಡು ಮಿಕ್ಕಿದ್ದು ಹೇಳ್ತೀನಿ, ಎಂಟು ವರ್ಷದಿಂದ ಯಾರೂ ನನ್ನ ಹೊರಗೆ ಹಾಕಿಲ್ಲ. ನೀವು ನಂಬದೇ ಇದ್ದಿದ್ದಕ್ಕೆ ಬಿದ್ದಿಲ್ಲ ಮಾರಾಯ್ರೆ, ನಂಬೋರೂ ದಂಡಿಯಾಗಿ ಬೀಳ್ತಾರೆ.

ಮೂರನೇ_ರಿಂಗು

ನಾನು ಸ್ಪಾನ್ಸರ್ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಎಲ್ರೂ ಬಿದ್ದವರ ಕಡೆಯಿಂದಾನೇ ಬರೀತಿದಾರೆ.

ನಾನು ಈಗ ಇಬ್ಬರಿಗೆ ಸ್ಪಾನ್ಸರ್. ದುಡ್ಡಿಲ್ಲ ಕಾಸಿಲ್ಲ, ಓಎಲಿ ಫೀಸ್ ಅನ್ನೋದೇ ಇಲ್ಲ, ಯಾಕೆ ಮಾಡ್ತೀನಿ ಅಂದ್ರೆ ಬೆಳಿಗ್ಗೆ ಇನ್ನೊಬ್ಬರ ಮೆಸೇಜ್ ಬರುತ್ತೆ ಅಂತ ಗೊತ್ತಿದ್ರೆ ರಾತ್ರಿ ನನ್ನ ಕೈ ತಡೆಯುತ್ತೆ. ಸ್ವಾರ್ಥ. ನಿಮ್ಮ ಸ್ಪಾನ್ಸರ್ ಮೇಷ್ಟ್ರಲ್ಲ, ನಿಮಗೆ ಮಾರ್ಕ್ಸ್ ಹಾಕ್ತಾ ಕೂತಿಲ್ಲ. ನಿಮ್ಮ 50 ದಿನ ನೋಡಿ ಖುಷಿ ಪಟ್ರು ಅಂದ್ರೆ ಅವರು ನಿಮ್ಮ ಮೇಲೆ ಕಟ್ಟಿರೋ ನಂಬಿಕೆ ಬಿದ್ದೋಗುತ್ತೆ ಅಂತ ನಿಮಗೆ ಭಯ, ಅಲ್ವಾ. ಆದ್ರೆ ಅವರೂ ನಮ್ಮವರೇ ಕಣ್ರೀ, ಕವರ್ ಎಲ್ಲೆಲ್ಲಿ ಬಚ್ಚಿಡ್ತಾರೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಾನು ಸ್ಪಾನ್ಸರ್ ಆಗಿರೋ ಒಬ್ಬಳು ಆರು ವಾರ ಸುಳ್ಳು ಹೇಳಿದ್ಲು, ಹೇಳಿದ ದಿನ ನಂಗೆ ಬಂದಿದ್ದು ಸಿಟ್ಟಲ್ಲ, ಅಬ್ಬಾ ಸದ್ಯ ಬದುಕಿದಾಳೆ ಅನ್ನೋ ನೆಮ್ಮದಿ. ಅದಕ್ಕಿಂತ ಹಿಂದೆ ಇನ್ನೊಬ್ಬಳು ಹೇಳದೇ ಹೋದ್ಲು, ನಂಬರ್ ಬದಲಾಯಿಸಿದ್ಲು, ಎಲ್ಲಿದಾಳೋ ಗೊತ್ತಿಲ್ಲ. ಅವಳ ನೆನಪು ಮಾತ್ರ ಚುಚ್ಚುತ್ತೆ.

ಪ್ರಾಕ್ಟಿಕಲ್ ಆಗಿ: ದೊಡ್ಡ ಕ್ಷಮಾಪಣೆ ಪತ್ರ ಬರೀಬೇಡಿ. ಬರೆಯೋಕೆ ಕೂತ್ರೆ ಮೂರು ದಿನ ತಿದ್ದುತ್ತೀರಾ, ಆಮೇಲೆ ಕಳಿಸಲ್ಲ, ನಂಗೊತ್ತು. "41ನೇ ದಿನ ಬಿಂಜ್ ಮಾಡಿದೆ. ಇಲ್ಲೀವರೆಗೆ ಐದು ಸಲ. ಓಕೆ ಅಂತ ಹಾಕಿದ್ದೆಲ್ಲ ಸುಳ್ಳು." ಅಷ್ಟೇ ಟೈಪ್ ಮಾಡಿ, ಕಾರಣ ಹಾಕ್ಬೇಡಿ, ಕಳಿಸಿ, ಫೋನ್ ತಿರುಗಿಸಿ ಇಟ್ಟು ಮುಖ ತೊಳ್ಕೊಂಡು ಬನ್ನಿ. ಕಾರಣ ಆಮೇಲೆ ಫೋನಲ್ಲಿ ಮಾತಾಡ್ಬಹುದು, ಅಲ್ಲಿ ತುಂಬಾ ಇದೆ ಮಾತಾಡೋಕೆ, ಆ ಹೊಗಳಿದ್ದು ಇದೆಯಲ್ಲ ಅದು ಸಣ್ಣ ವಿಷಯ ಅಲ್ವೇ ಅಲ್ಲ. ಸಿಟ್ಟು ಬಂದಾಗ, ಒಂಟಿ ಅನ್ನಿಸ್ದಾಗ, ಸುಸ್ತಾದಾಗ ಹುಷಾರು ಅಂತ ಮೀಟಿಂಗಲ್ಲಿ ಹೇಳ್ಕೊಡ್ತಾರೆ, ಯಾರಾದ್ರೂ ನಮ್ಮ ಮೈ ನೋಡಿ ಮೆಚ್ಕೊಂಡಾಗ ಹುಷಾರು ಅಂತ ಯಾರೂ ಹೇಳ್ಕೊಡಲ್ಲ. ನನ್ನ ಅರ್ಧ ಬಿಂಜ್‌ಗಳು ಅಲ್ಲಿಂದಾನೇ ಶುರು ಆಗಿದ್ದು.

ಮುಂದಿನ ಸಲಕ್ಕೆ ಇನ್ನೊಂದು. ಸ್ಪಾನ್ಸರ್‌ಗೆ ತಿಂದ ಮೇಲೆ ಫೋನ್ ಮಾಡೋದು ತಪ್ಪೊಪ್ಪಿಗೆ. ತಿನ್ನೋ ಮುಂಚೆ ಮಾಡೋದು ಸಹಾಯ. ಎರಡಕ್ಕೂ ನಂಬರ್ ಒಂದೇ, ಆದ್ರೆ ಎರಡನೇದು ಹತ್ತು ಪಟ್ಟು ಕಷ್ಟ, ಯಾಕಂದ್ರೆ ಫೋನ್ ಮಾಡಿದ್ರೆ ತಿನ್ನೋಕಾಗಲ್ಲ ಅಂತ ಆ ಕ್ಷಣಕ್ಕೆ ಮನಸ್ಸಿಗೆ ಚೆನ್ನಾಗಿ ಗೊತ್ತಿರುತ್ತೆ. ನಾನು ಮೊದಲ ವರ್ಷ ಫೋನ್ ಮಾಡಿ ಎರಡನೇ ರಿಂಗಿಗೆ ಕಟ್ ಮಾಡ್ತಿದ್ದೆ, ತಗೊಳ್ಲಿಲ್ಲ ಅಂತ ನಂಗೆ ನಾನೇ ಸಾಕ್ಷಿ ಇಟ್ಕೊಳ್ಳೋಕೆ. ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಗುಂಡಪ್ಪ2ಪಾಯಿಂಟ್0

ಮೊದ್ಲು ಬರೆದಿದ್ದಕ್ಕೆ ಸಾರಿ. ಈಗ ಪೂರ್ತಿ ಓದಿದೆ. ನಮ್ಮ ಮನೇಲೂ ಒಬ್ರು ಕವರ್ ಪೇಪರಲ್ಲಿ ಸುತ್ತಿ ಹಾಕ್ತಾರೆ, ನಾನು ಯಾವತ್ತೂ ಕೇಳಿಲ್ಲ. ಹೊರಗಿನವರು ಇದನ್ನ ಹೇಗೆ ಕೇಳ್ಬೇಕು?

ಮೂರನೇ_ರಿಂಗು

ಕವರ್ ಬಗ್ಗೆ ಕೇಳ್ಬೇಡಿ, ದಯವಿಟ್ಟು. ಸಿಕ್ಕಿಬಿದ್ದೆ ಅಂತ ಅನ್ಸುತ್ತೆ, ಬಚ್ಚಿಡೋ ಜಾಗ ಬದಲಾಗುತ್ತೆ ಅಷ್ಟೇ. ಹೇಗಿದೀಯ ಅಂತ ಕೇಳಿ, ಉತ್ತರ ಬರೋವರೆಗೂ ಅಲ್ಲೇ ಕೂತಿರಿ. ತಟ್ಟೆ ನೋಡ್ಬೇಡಿ, ತೂಕದ ಮಾತು ಒಳ್ಳೇದೂ ಬೇಡ ಕೆಟ್ಟದೂ ಬೇಡ. ಅವರಾಗೇ ಬಾಯಿ ಬಿಟ್ರೆ ಮೀಟಿಂಗ್ ಇದೆ ಅಂತ ಹೇಳಿ, ಡಾಕ್ಟರ್ ಹತ್ರ ಜೊತೇಲಿ ಬರ್ತೀನಿ ಅಂತಾನೂ ಹೇಳಿ. ತಳ್ಕೊಂಡು ಹೋಗೋಕೆ ಹೋಗ್ಬೇಡಿ.

ಅರ್ಧರಾತ್ರಿ_ಫ್ರಿಜ್

ಎರಡು ದಿನ ಬಿಟ್ಟು ಬರೀತಿದೀನಿ.

ಲೆಕ್ಕತಪ್ಪಿದೋಳು ಅವ್ರೇ, ನಿಮ್ಮ ಪ್ರಶ್ನೆಗೆ ಮೊದಲು ಸಿಟ್ಟು ಬಂತು, ಆಮೇಲೆ ಹಳೇ ಮೆಸೇಜೆಲ್ಲ ತೆಗೆದು ನೋಡಿದೆ. ಮೊದಲ ವಾರದ ಪ್ಲಾನಿಗೂ ಐದನೇ ವಾರದ ಪ್ಲಾನಿಗೂ ಅಜಗಜಾಂತರ. ರಾತ್ರಿ ಊಟ ಅನ್ನೋದೇ ಮಾಯ ಆಗಿತ್ತು, ಯಾರೂ ಹೇಳಿರ್ಲಿಲ್ಲ, ನಾನೇ ಕತ್ತರಿಸ್ಕೊಂಡು ಬಂದಿದ್ದೆ, ಸ್ಪಾನ್ಸರ್ ಎರಡು ಸಲ "ಇಷ್ಟು ಸಾಕಾ?" ಅಂತ ಕೇಳಿದ್ದಕ್ಕೆ ಹಸಿವಿಲ್ಲ ಅಂದಿದೀನಿ. ಹಾಗಾದ್ರೆ ಸುಳ್ಳು 41ನೇ ದಿನ ಶುರು ಆಗಿದ್ದಲ್ಲ. ಡಯಟೀಶಿಯನ್ ಹತ್ರ ಟೈಮ್ ತಗೊಂಡಿದೀನಿ. ವಾಂತಿ ಎಲ್ಲ ಇಲ್ಲ.

ಮೂರನೇ ರಿಂಗು ಹೇಳಿದ ಮೂರು ಸಾಲು ಹಾಗೇ ಕಾಪಿ ಮಾಡಿ ಕಳಿಸಿದೆ. ಮುಖ ತೊಳ್ಕೊಂಡು ಬರೋಷ್ಟರಲ್ಲಿ ಉತ್ತರ ಬಂದಿತ್ತು. "ಅನುಮಾನ ಇತ್ತು. ಮೊದ್ಲು ನೀನು ರಾತ್ರಿ ಮೆಸೇಜು ಅರ್ಧ ಪುಟ ಬರೀತಿದ್ದೆ, ಈಗ ಹತ್ತು ದಿನದಿಂದ ಬರೀ ಓಕೆ. ಆದ್ರೂ ಕೇಳದೇ 50 ಅಂತ ಹಾಕಿದ್ದು ನಂದೂ ತಪ್ಪು. ನಾಳೆ ಎಷ್ಟೊತ್ತಿಗೆ ಫೋನ್ ಮಾಡ್ತೀಯ?"

ನಿನ್ನೆ ಮೀಟಿಂಗಲ್ಲಿ ಮೊದಲ ಸಲ ಕ್ಯಾಮೆರಾ ಆನ್ ಮಾಡಿ ಹೇಳಿದೆ. ಎಲ್ಲಾನೂ, ಆ ಹೊಗಳಿದ್ದು, ಫ್ರಿಜ್ಜು, ಕವರು, ಹತ್ತು ದಿನ ಓಕೆ ಹಾಕಿದ್ದು. ಹೇಳಿ ಮುಗಿಸಿ ಕಣ್ಣೊರೆಸ್ಕೊಂಡು ನೋಡಿದ್ರೆ ಎಲ್ರೂ ಕೈ ಆಡಿಸ್ತಿದಾರೆ. ಮ್ಯೂಟ್‌ನಲ್ಲಿ ಇದ್ದೆ. ಪೂರ್ತಿ ಇನ್ನೊಂದ್ಸಲ ಹೇಳ್ಬೇಕಾಯ್ತು.